ಹಬ್ಬದ ಹೂವು ಹಿತ್ತಲಲ್ಲೇ ಅರಳಲಿ, ಕೊಟ್ಟಿಗೆ ಕ್ಷೇಮವಾಗಿರಲಿ



ಶ್ರಾವಣ ಬಂತೆಂದರೆ ಹೂವಿನ ಖರ್ಚೂ ಬಂತು. ವರಮಹಾಲಕ್ಷ್ಮಿ, ಗೌರಿ ಗಣೇಶ, ಆಯುಧಪೂಜೆ, ಹಾಸನಾಂಬೆಯ ಬಾಗಿಲು ತೆಗೆಯುವ ದಿನ, ದೀಪಾವಳಿ ಹೀಗೆ ಒಂದರ ಹಿಂದೆ ಒಂದು ಹಬ್ಬ. ಅರಸೀಕೆರೆ ಸಂತೆಯಲ್ಲಾಗಲಿ ಬೇಲೂರಿನ ಪೇಟೆಯಲ್ಲಾಗಲಿ ಹಬ್ಬದ ಹಿಂದಿನ ದಿನ ಒಂದು ಮಾರು ಸೇವಂತಿಗೆಯ ಬೆಲೆ ಕೇಳಿದರೆ ಕೈ ಹಿಂದೆ ಬರುತ್ತದೆ. ಮನೆಯಲ್ಲಿ ಹಸುವಿದ್ದರೆ ಗೊಬ್ಬರಕ್ಕೆ ಕೊರತೆಯಿಲ್ಲ. ಹಿತ್ತಲಲ್ಲಿ ನಾಲ್ಕು ಮಡಿ ಜಾಗವಿದ್ದರೆ ಮನೆಗೆ ಬೇಕಾದ ಹೂವನ್ನು ನೀವೇ ಬೆಳೆದುಕೊಳ್ಳಬಹುದು. ಆದರೆ ಹೂದೋಟ ಮತ್ತು ಕೊಟ್ಟಿಗೆ ಅಕ್ಕಪಕ್ಕ ಇರುವಾಗ ಕೆಲವು ಎಚ್ಚರಿಕೆ ತಪ್ಪಬಾರದು. ಅದನ್ನೂ ಇಲ್ಲಿ ಹೇಳಿದ್ದೇವೆ.

ಯಾವ ಮಳೆಗೆ ಯಾವ ಕೆಲಸ?

ಚೆಂಡು ಹೂವು ಬೀಜ ಹಾಕಿದ ಎರಡರಿಂದ ಎರಡೂವರೆ ತಿಂಗಳಿಗೆ ಕೊಯ್ಲಿಗೆ ಬರುತ್ತದೆ. ದೀಪಾವಳಿಗೆ ಹೂವು ಬೇಕಾದರೆ ಆಶ್ಲೇಷ ಮಳೆಯಲ್ಲಿ, ಅಂದರೆ ಆಗಸ್ಟ್ ಮೊದಲ ಎರಡು ವಾರದಲ್ಲಿ ಬೀಜ ಬಿತ್ತಿ. 25ರಿಂದ 30 ದಿನದ ಸಸಿಯನ್ನು ಹುಬ್ಬೆ ಮಳೆಯಲ್ಲಿ ಕಿತ್ತು, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಬಿಟ್ಟು ನೆಡಿ. ಗಿಡ ಚಿಗುರಿ ನಿಂತ ಮೇಲೆ ಉತ್ತರೆ ಮಳೆಯ ಹೊತ್ತಿಗೆ ತುದಿಯ ಕುಡಿ ಚಿವುಟಿ. ಒಂದು ಕುಡಿ ಹೋದ ಕಡೆ ನಾಲ್ಕಾರು ಕವಲು ಬರುತ್ತವೆ, ಹೂವೂ ಹೆಚ್ಚುತ್ತದೆ. ಬೀಜ ಬಿತ್ತುವುದು ತಡವಾಗಿದ್ದರೆ ಸೆಪ್ಟೆಂಬರ್ ಮೊದಲಲ್ಲಿ ನರ್ಸರಿಯಿಂದ ಸಸಿ ತಂದು ನೆಡಬಹುದು.

ಸೇವಂತಿಗೆಯ ಸ್ವಭಾವ ಬೇರೆ. ಹಗಲು ಕಿರಿದಾಗಿ ರಾತ್ರಿ ಉದ್ದವಾದಾಗ ಮಾತ್ರ ಅದು ಮೊಗ್ಗು ಕಟ್ಟುತ್ತದೆ. ಆದ್ದರಿಂದ ಆಗಸ್ಟ್ ಕೊನೆಯವರೆಗೆ ಕುಡಿ ಚಿವುಟುತ್ತಿರಿ, ಸೆಪ್ಟೆಂಬರ್ ಬಂದ ಮೇಲೆ ನಿಲ್ಲಿಸಿ. ಆಮೇಲೂ ಚಿವುಟಿದರೆ ಹೂವು ತಡವಾಗುತ್ತದೆ. ಇನ್ನೊಂದು ಮಾತು: ಕೊಟ್ಟಿಗೆಯ ಬಲ್ಬು ಅಥವಾ ಬೀದಿದೀಪದ ಬೆಳಕು ರಾತ್ರಿಯೆಲ್ಲ ಗಿಡದ ಮೇಲೆ ಬೀಳುತ್ತಿದ್ದರೆ ಗಿಡ ಸೊಂಪಾಗಿ ಬೆಳೆದರೂ ಮೊಗ್ಗು ಬರುವುದಿಲ್ಲ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಹೂವು ಮುಂದೂಡಲೆಂದೇ ರೈತರು ಸೇವಂತಿಗೆ ಹೊಲದಲ್ಲಿ ರಾತ್ರಿ ದೀಪ ಉರಿಸುತ್ತಾರೆ. ನಿಮ್ಮ ಸೇವಂತಿಗೆಯನ್ನು ರಾತ್ರಿ ಕತ್ತಲಿರುವ ಕಡೆಯೇ ನೆಡಿ.

ಗುಲಾಬಿಯನ್ನು ಹಸ್ತ, ಚಿತ್ತೆ ಮಳೆಯಲ್ಲಿ ಬಿಡುವು ಸಿಕ್ಕಾಗ ಸವರಿ. ಸವರಿದ ಸುಮಾರು 45 ದಿನಕ್ಕೆ ಹೂವು ಬರುತ್ತದೆ. ಮಲ್ಲಿಗೆಯನ್ನು ಈಗ ಮುಟ್ಟಬೇಡಿ. ಅದನ್ನು ಕತ್ತರಿಸುವ ಕಾಲ ಚಳಿ ಶುರುವಾದ ಮೇಲೆ. ಕನಕಾಂಬರದ ಗಿಡ ಒಂದೊಂದಾಗಿ ಬಾಡುತ್ತಿದ್ದರೆ ಬೇರು ನೋಡಿ. ಗಂಟು ಕಂಡರೆ ಅದು ಜಂತುಹುಳದ ಕಾಟ. ಆ ಮಡಿಯಲ್ಲಿ ಒಂದು ಬೆಳೆ ಚೆಂಡು ಹೂವು ಬೆಳೆಯಿರಿ, ಹುಳದ ಕಾಟ ತಗ್ಗುತ್ತದೆ.

ಊರಿಗೆ ತಕ್ಕ ಮಡಿ

ಬೇಲೂರಿನ ಮಲೆನಾಡು ಕಡೆಯವರಿಗೆ ನೀರು ನಿಲ್ಲುವುದೇ ತೊಂದರೆ. ಅಲ್ಲಿ ಅರ್ಧ ಅಡಿ ಎತ್ತರದ ಏರು ಮಡಿ ಮಾಡಿ. ಸಂಜೆ ಗಿಡದ ಮೇಲೆ ನೀರು ಹಾಕಬೇಡಿ, ಕೊಳೆತ ಹೂವನ್ನು ಅಂದಂದೇ ಕಿತ್ತು ತೆಗೆಯಿರಿ. ಅರಸೀಕೆರೆ ಕಡೆ ಮಳೆ ಕೈಕೊಡುವುದೇ ಹೆಚ್ಚು. ಅಲ್ಲಿ ಮಡಿ ತಗ್ಗಾಗಿರಲಿ, ಬುಡಕ್ಕೆ ತೆಂಗಿನ ಸೋಗೆ, ನಾರು, ಒಣಗಿದ ಎಲೆ ಹೊದಿಸಿ. ಹಳೇಬೀಡಿನ ಸುತ್ತ ಎರಡೂ ಆಗುತ್ತದೆ: ಹುಬ್ಬೆಯಲ್ಲಿ ಸುರಿದ ಮಳೆ ಹಸ್ತದಲ್ಲಿ ಕಾಣೆಯಾಗಬಹುದು. ಅಲ್ಲಿ ಏರು ಮಡಿಯೂ ಬೇಕು, ಮೇಲೆ ಹೊದಿಕೆಯೂ ಬೇಕು.

ಗೊಬ್ಬರ ಕಳಿತಿರಲಿ

ಹಸಿ ಸಗಣಿಯನ್ನು ಗಿಡದ ಬುಡಕ್ಕೆ ಸುರಿಯಬೇಡಿ. ಅದು ಕಳಿಯುವಾಗ ಬಿಸಿಯೇರಿ ಬೇರು ಸುಡುತ್ತದೆ. ತಿಪ್ಪೆಯಲ್ಲಿ ಚೆನ್ನಾಗಿ ಕಳಿತು, ಕೈಗೆ ಪುಡಿಯಾಗುವ, ವಾಸನೆ ಹೋದ ಗೊಬ್ಬರವೇ ಆಗಬೇಕು. ಬುಟ್ಟಿಗೆ ತುಂಬುವಾಗ ಬಿಳಿ ಗೊಣ್ಣೆ ಹುಳು ಸಿಕ್ಕರೆ ಆರಿಸಿ ಕೋಳಿಗೆ ಹಾಕಿ. ತೆಂಗಿನ ಸುಳಿ ಕೊರೆಯುವ ದುಂಬಿಯೂ ತಿಪ್ಪೆಯಲ್ಲೇ ಮರಿ ಮಾಡುವುದರಿಂದ ಅರಸೀಕೆರೆಯವರಿಗೆ ಇದು ಎರಡು ಲಾಭದ ಕೆಲಸ. ಗಂಜಲವನ್ನು ಒಂದಕ್ಕೆ ಹತ್ತು ಪಾಲು ನೀರು ಬೆರೆಸಿ ಹದಿನೈದು ದಿನಕ್ಕೊಮ್ಮೆ ಬುಡಕ್ಕೆ ಕೊಡಿ. ಹಾಲಿನ ಕ್ಯಾನ್ ತೊಳೆದ ಸೋಪಿನ ನೀರು ಮಾತ್ರ ಗಿಡಕ್ಕೆ ಬೇಡ.

ಸೇವಂತಿಗೆ ಕುಡಿಗೆ ಹೇನು ಹತ್ತಿದರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಚೂರು ಸೋಪು ಸೇರಿಸಿ ಸಂಜೆ ಸಿಂಪಡಿಸಿ. ಕೊಟ್ಟಿಗೆಯ ಪಕ್ಕದ ಹೂವಿಗೆ ಅಂಗಡಿಯ ವಿಷದ ಔಷಧಿ ಹೊಡೆಯಬೇಡಿ. ಮೇವಿಗೆ, ನೀರಿನ ತೊಟ್ಟಿಗೆ ಬಿದ್ದ ವಿಷ ಹಸುವಿನ ಹೊಟ್ಟೆಗೆ ಹೋಗುತ್ತದೆ, ಅಲ್ಲಿಂದ ಹಾಲಿಗೂ ಬರಬಹುದು.

ಕಣಗಿಲೆ: ದೇವರಿಗೆ ಹೂವು, ಹಸುವಿಗೆ ವಿಷ

ಇದನ್ನು ಮನೆಯವರಿಗೆಲ್ಲ ಓದಿ ಹೇಳಿ. ಕಣಗಿಲೆಯ ಎಲೆ, ಹೂವು, ಕಡ್ಡಿ, ಬೇರು ಎಲ್ಲವೂ ವಿಷ. ಒಂದು ಹಿಡಿ ಎಲೆ ಸಾಕು, ಕರೆಯುವ ಹಸು ಪ್ರಾಣ ಬಿಡಬಹುದು. ಒಣಗಿದರೂ ವಿಷ ಹೋಗುವುದಿಲ್ಲ. ನಿಂತ ಗಿಡದ ಕಹಿ ಎಲೆಯನ್ನು ಹಸು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅಪಾಯ ಬರುವುದು ಹಬ್ಬಕ್ಕೆಂದು ಹಿತ್ತಲು ಚೊಕ್ಕ ಮಾಡಿ, ಸವರಿದ ಸೊಪ್ಪನ್ನು ಹುಲ್ಲಿನ ಜೊತೆ ಗೋದಲಿಗೆ ಹಾಕಿದಾಗ. ಹಳದಿ ಕಣಗಿಲೆ, ಉಮ್ಮತ್ತಿ, ಬೇಲಿಯ ಲಂಟಾನ ಇವೂ ಹಸುವಿಗೆ ಆಗವು. ಸವರಿದ್ದನ್ನು ದನ, ಆಡು, ಕುರಿ ಹೋಗದ ಕಡೆ ಹೂಳಿ.

ಮೇವು ಬಿಟ್ಟು ಜೊಲ್ಲು ಸುರಿಸುವುದು, ಭೇದಿ, ತೂರಾಡುವುದು, ಎದೆಬಡಿತ ಏರುಪೇರಾಗುವುದು ಕಂಡರೆ ಮನೆಮದ್ದಿಗೆ ಕಾಯಬೇಡಿ. ಎಣ್ಣೆ, ಮಜ್ಜಿಗೆ ಗೊಟ್ಟದಲ್ಲಿ ಎರೆಯಬೇಡಿ. ಡೇರಿಯ ಮೂಲಕ ಪಶುವೈದ್ಯರನ್ನು ಕರೆಸಿ ಅಥವಾ 1962ಕ್ಕೆ ಕರೆ ಮಾಡಿ. ಯಾವ ಗಿಡ ತಿಂದಿರಬಹುದೋ ಅದರ ಒಂದು ರೆಂಬೆ ತೋರಿಸಿ. ವೈದ್ಯರು ಹೇಳುವವರೆಗೆ ಆ ಹಸುವಿನ ಹಾಲನ್ನು ಡೇರಿಗೆ ಹಾಕಬೇಡಿ, ಮನೆಯಲ್ಲೂ ಬಳಸಬೇಡಿ.

ಹಬ್ಬ ಮುಗಿದ ಮೇಲೆ

ಆಯುಧಪೂಜೆಯ ಹಾರ, ಬಲಿಪಾಡ್ಯಮಿಯ ಗೋಪೂಜೆಯಲ್ಲಿ ಹಸುವಿನ ಕೊರಳಿಗೆ ಹಾಕಿದ ಹಾರ ಬಾಡಿದ ಮೇಲೆ ಕಲಗಚ್ಚಿನ ಬಾನಿಗೆ ಹೋಗಬಾರದು. ಹಾರದೊಳಗೆ ತಂತಿ, ಗುಂಡುಪಿನ್ನು, ಪ್ಲಾಸ್ಟಿಕ್ ದಾರ ಇರುತ್ತದೆ. ಹಸು ಅಗಿಯದೆ ನುಂಗಿದ ತಂತಿ ಹೊಟ್ಟೆಯ ಎರಡನೇ ಚೀಲದಲ್ಲಿ ನಿಲ್ಲುತ್ತದೆ. ಹೃದಯ ಅದರ ಪಕ್ಕದಲ್ಲೇ ಇದೆ. ತಂತಿ ಚುಚ್ಚಿದರೆ ಹಸು ಬೆನ್ನು ಬಗ್ಗಿಸಿ ನಿಲ್ಲುತ್ತದೆ, ಹಾಲು ಇಳಿಯುತ್ತದೆ, ಗಂಗೆದೊಗಲು ಊದುತ್ತದೆ. ಅಷ್ಟರಲ್ಲಿ ಕಾಲ ಮೀರಿರುತ್ತದೆ. ಕೊಂಡು ತಂದ ಹೂವಿಗೆ ಔಷಧಿ ಹೊಡೆದಿರುವ ಸಾಧ್ಯತೆಯೂ ಉಂಟು. ಹಸುವಿನ ಹಾರವನ್ನು ಮನೆಯ ಚೆಂಡು ಹೂವಿನಿಂದ, ಬಾಳೆನಾರಿನಲ್ಲಿ ಕಟ್ಟಿ. ಪೂಜೆ ಮುಗಿದ ತಕ್ಷಣ ಬಿಚ್ಚಿ ತಿಪ್ಪೆಗೆ ಹಾಕಿ. ಎಡೆಯ ಹೋಳಿಗೆ, ಅನ್ನ, ಪಾಯಸವೂ ಒಂದು ತುತ್ತಿಗೆ ಸಾಕು. ಹೆಚ್ಚಾದರೆ ಹೊಟ್ಟೆ ಹುಳಿಯೇರಿ ಹಸು ಮಲಗುತ್ತದೆ.

ದೀಪಾವಳಿ ಕಳೆದ ಮೇಲೆ ನಾಟಿ ಚೆಂಡು ಹೂವಿನ ದಪ್ಪ ಹೂಗಳನ್ನು ಗಿಡದಲ್ಲೇ ಒಣಗಲು ಬಿಡಿ. ಬೀಜ ತೆಗೆದು ನೆರಳಲ್ಲಿ ಆರಿಸಿ, ಬೂದಿ ಬೆರೆಸಿ ಡಬ್ಬಿಯಲ್ಲಿಟ್ಟರೆ ಮುಂದಿನ ಆಶ್ಲೇಷ ಮಳೆಗೆ ಬೀಜ ಕೊಳ್ಳಬೇಕಿಲ್ಲ. ಮಿಕ್ಕಿದ್ದನ್ನು ಡೇರಿಗೆ ಹಾಲು ತರುವಾಗ ಪಕ್ಕದ ಮನೆಯ ತಂಗಿಗೂ ಒಂದು ಹಿಡಿ ಕೊಡಿ. ಜೊತೆಗೆ ಕಣಗಿಲೆಯ ಮಾತನ್ನೂ ಹೇಳಿ.