ಏದುಸಿರಿನ ಬೆನ್ನಿಗೇ ಬರುವ ಗಾಬರಿ

ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯಿರುವ ಹಿರಿಯರಿಗೆ ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತದೆ. ಅದರ ಬೆನ್ನಿಗೇ ‘ಉಸಿರು ನಿಂತೇಹೋದೀತು’ ಎಂಬ ಗಾಬರಿ. ಮನೆಯವರು ‘ಸುಮ್ಮನೆ ಹೆದರ್ತೀರಿ’ ಎಂದುಬಿಡುವುದುಂಟು. ಆದರೆ ಇದು ಮನಸ್ಸಿನ ದೌರ್ಬಲ್ಯವಲ್ಲ.

ಗಾಬರಿಯಾದಾಗ ಅಡ್ರಿನಲಿನ್ ಹಾರ್ಮೋನು ಹೆಚ್ಚಿ ಎದೆಬಡಿತ ಏರುತ್ತದೆ, ಕತ್ತು, ಭುಜಗಳ ಸ್ನಾಯು ಬಿಗಿಯುತ್ತವೆ, ಉಸಿರಾಟ ಚುರುಕಾಗುತ್ತದೆ. ಕಾಯಿಲೆಯಿಂದ ಕಿರಿದಾದ ಶ್ವಾಸನಾಳಗಳಲ್ಲಿ ಒಳಗಿನ ಗಾಳಿ ಪೂರ್ತಿ ಹೊರಹೋಗುವ ಮೊದಲೇ ಮುಂದಿನ ಉಸಿರು ಶುರುವಾಗುತ್ತದೆ. ಹೀಗೆ ಗಾಳಿ ಒಳಗೇ ಉಳಿದು ಏದುಸಿರು ಹೆಚ್ಚುತ್ತದೆ, ಗಾಬರಿಯೂ ಹೆಚ್ಚುತ್ತದೆ. ಈ ವಿಷಚಕ್ರವನ್ನು ಸಡಿಲಿಸಲು ಎರಡು ಅಭ್ಯಾಸಗಳು ನೆರವಾಗುತ್ತವೆ.

ತುಟಿ ಕೂಡಿಸಿ ಉಸಿರು ಬಿಡುವುದು: ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಾಗಿ, ಮೊಣಕೈಗಳನ್ನು ತೊಡೆಯ ಮೇಲೆ ಊರಿ ಕುಳಿತುಕೊಳ್ಳಿ. ಎರಡು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರೆಳೆದು, ಬಿಸಿ ಕಾಫಿ ಆರಿಸುವಂತೆ ತುಟಿ ಕೂಡಿಸಿ, ನಾಲ್ಕು ಎಣಿಸುವಷ್ಟು ಹೊತ್ತು ಮೆಲ್ಲಗೆ ಬಿಡಿ. ಬಲವಾಗಿ ಊದಬಾರದು; ಉಸಿರು ಕಟ್ಟಬಾರದು.

ಸ್ನಾಯುಗಳ ಸಡಿಲಿಕೆ: ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ 1929ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಪ್ರಸಿದ್ಧವಾದ ವಿಧಾನವಿದು. ಪಾದದಿಂದ ಮುಖದವರೆಗೆ ಒಂದೊಂದೇ ಭಾಗವನ್ನು ಐದು ಸೆಕೆಂಡು ಹದವಾಗಿ ಬಿಗಿದು, ಆಮೇಲೆ ಪೂರ್ತಿ ಸಡಿಲ ಬಿಡಬೇಕು. ಕೀಲುನೋವಿರುವ ಭಾಗವನ್ನು ಬಿಗಿಯದೆ ಬರೀ ಸಡಿಲಿಸಿದರೆ ಸಾಕು.

ಏದುಸಿರು ಬಂದ ಮೇಲೆ ಕಲಿಯಹೊರಟರೆ ‘ಯುದ್ಧಕಾಲೇ ಶಸ್ತ್ರಾಭ್ಯಾಸ’ವಾದೀತು. ನೆಮ್ಮದಿಯಾಗಿರುವಾಗಲೇ ದಿನಕ್ಕೆರಡು ಬಾರಿ ಹತ್ತು ನಿಮಿಷ ಅಭ್ಯಾಸ ಮಾಡಿ. ಏದುಸಿರು ಬಂದಾಗ ಮನೆಯವರು ಬುದ್ಧಿ ಹೇಳುವ ಬದಲು ಪಕ್ಕದಲ್ಲಿ ಕುಳಿತು, ಮೆಲುದನಿಯಲ್ಲಿ ಎಣಿಸುತ್ತ ಜೊತೆಗೇ ಉಸಿರಾಡಿದರೆ ಹಿರಿಯರಿಗೆ ಧೈರ್ಯ ಬರುತ್ತದೆ.

ಎಲ್ಲವನ್ನೂ ಗಾಬರಿಯೆಂದು ತಳ್ಳಿಹಾಕುವುದು ಅಪಾಯ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿಗೆ ಬೆವರು, ನಡುಕ, ಎದೆಬಡಿತ ಬಂದರೆ ರಕ್ತದ ಸಕ್ಕರೆ ಇಳಿದಿರಬಹುದು. ಕೂಡಲೇ ಪರೀಕ್ಷಿಸಿ, ಇಳಿದಿದ್ದರೆ, ಅಥವಾ ಪರೀಕ್ಷಿಸಲು ಸಾಧ್ಯವಿಲ್ಲದಿದ್ದರೆ, ಎಚ್ಚರವಿರುವ ರೋಗಿಗೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. ಎದೆನೋವು, ತುಟಿ ನೀಲಿಯಾಗುವುದು, ಮಂಪರು, ಇನ್ಹೇಲರ್‌ಗೂ ಬಗ್ಗದ ಏದುಸಿರು ಕಂಡರೆ ಅಭ್ಯಾಸ ಮಾಡಿಸುತ್ತ ಕೂರದೆ 108ಕ್ಕೆ ಕರೆಮಾಡಿ.

ಈ ಅಭ್ಯಾಸಗಳು ಔಷಧಿಗೆ ಪೂರಕವೇ ಹೊರತು ಬದಲಿಯಲ್ಲ. ಕಳವಳದಿಂದ ನಿದ್ರೆ, ಊಟ ಕೆಟ್ಟು ಎರಡು ವಾರ ಕಳೆದರೆ ಅದನ್ನೂ ವೈದ್ಯರಿಗೆ ತಿಳಿಸಿ. ಅದಕ್ಕೂ ಚಿಕಿತ್ಸೆಯಿದೆ.