ವ್ಯಾಯಾಮದಲ್ಲಿ ವೇಗದ ಹದ

ವ್ಯಾಯಾಮವೆಂದರೆ ಮೊದಲ ನಿಮಿಷದಿಂದಲೇ ಮೈಯಲ್ಲಿರುವ ಕಸುವನ್ನೆಲ್ಲ ಸುರಿಯುವುದೆಂದು ನಮ್ಮಲ್ಲಿ ಅನೇಕ ತರುಣರು ಭಾವಿಸಿರುವರು. ಒಂದೇ ಓಟಕ್ಕೆ ಮುಗಿಯುವ ಸ್ಪರ್ಧೆಗೆ ಈ ಭಾವನೆ ಸಲ್ಲಬಹುದು. ಆದರೆ ಸ್ವಲ್ಪ ಹೊತ್ತು ತೀವ್ರವಾಗಿ ದುಡಿದು, ಸ್ವಲ್ಪ ಹೊತ್ತು ವಿರಮಿಸಿ, ಮತ್ತೆ ಮತ್ತೆ ದುಡಿಯುವ ‘ಇಂಟರ್‌ವಲ್’ ಕ್ರಮಕ್ಕೆ ಇದು ಎಳ್ಳಷ್ಟೂ ಒಗ್ಗದು.

ಈ ಕ್ರಮದಲ್ಲಿ ಜಿಮ್ನಾಸ್ಟಿಕ್ಸನ್ನೂ ರೋಯಿಂಗನ್ನೂ, ಅಂದರೆ ದೋಣಿಯ ಹುಟ್ಟು ಹಾಕುವ ಚಲನೆಯನ್ನೂ, ಜೋಡಿಸುವ ಪದ್ಧತಿ ಹರಡಿದ್ದು ಬಹುಮಟ್ಟಿಗೆ ‘ಕ್ರಾಸ್‌ಫಿಟ್’ನಿಂದ. ಅದನ್ನು 2000ದಲ್ಲಿ ಅಮೆರಿಕದಲ್ಲಿ ಸ್ಥಾಪಿಸಿದವರಲ್ಲಿ ಗ್ರೆಗ್ ಗ್ಲಾಸ್‌ಮನ್ ಒಬ್ಬರು. ನೀರಿಲ್ಲದೆಡೆ ಹುಟ್ಟು ಹಾಕಲು ಯಂತ್ರ ಬೇಕಷ್ಟೆ. ಅಮೆರಿಕದ ವರ್ಮಾಂಟ್ ರಾಜ್ಯದ ಕಾನ್ಸೆಪ್ಟ್-2 ಸಂಸ್ಥೆ 1981ರಲ್ಲಿ ಹೊರತಂದ ಯಂತ್ರದ ವಂಶದವೇ ಇಂದು ಎಲ್ಲೆಡೆ ಕಾಣುವುವು. ನಾನು ಸಂಜೆ ಹೋಗುವ ವ್ಯಾಯಾಮಶಾಲೆಯಲ್ಲಿ ಅಂಥದು ಒಂದೇ ಒಂದಿದೆ, ಸರದಿಯಲ್ಲಿ ಕಾಯಬೇಕು.

ನಾನೂ ನನ್ನ ಗೆಳೆಯನೂ ಮಾಡುವ ಪಾಠವಿದು: ಯಂತ್ರದ ಮೇಲೆ 250 ಮೀಟರು, ಅಡ್ಡಕಂಬಿಗೆ ಜೋತು 8 ಪುಲ್-ಅಪ್, ನೆಲದ ಮೇಲೆ 10 ಪುಷ್-ಅಪ್, ಅನಂತರ 2 ನಿಮಿಷ ವಿರಾಮ. ಹೀಗೆ ಐದು ಸುತ್ತು. ಗೆಳೆಯ ನನಗಿಂತ ಬಲಶಾಲಿ. ಒಂದೇ ಉಸಿರಿಗೆ 15 ಪುಲ್-ಅಪ್ ತೆಗೆಯುವನು. ನನ್ನ ಮಿತಿ 11. ಆದರೂ ಒಂದು ದಿನದ ಲೆಕ್ಕ ನೋಡಿರಿ. ಅವನ ಮೊದಲ ಸುತ್ತು 1 ನಿಮಿಷ 33 ಸೆಕೆಂಡಿಗೆ ಮುಗಿಯಿತು, ನಾಲ್ಕನೆಯದಕ್ಕೆ 2 ನಿಮಿಷ 36 ಸೆಕೆಂಡು ಹಿಡಿಯಿತು. ನನ್ನ ಐದೂ ಸುತ್ತುಗಳು 1 ನಿಮಿಷ 50 ಸೆಕೆಂಡಿನ ಆಸುಪಾಸಿನಲ್ಲಿಯೇ ಇದ್ದವು. ವಿರಾಮ ಬಿಟ್ಟು ಒಟ್ಟು ಅವನಿಗೆ 10 ನಿಮಿಷ 50 ಸೆಕೆಂಡು, ನನಗೆ 9 ನಿಮಿಷ 12 ಸೆಕೆಂಡು. ತನ್ನಲ್ಲಿ ದಮ್ಮಿಲ್ಲ, ಸೈನ್ಯಕ್ಕೆ ಸೇರುವ ಆಸೆಯನ್ನೇ ಬಿಡುವೆನೆಂದು ಅವನು ಅಂದು ಮುಖ ಸಣ್ಣದು ಮಾಡಿಕೊಂಡು ಕುಳಿತ. ದಮ್ಮಿಗೆ ಕೊರತೆಯಿರಲಿಲ್ಲ, ಅದನ್ನು ವೆಚ್ಚ ಮಾಡಿದ ಸ್ಥಳ ಸರಿಯಿರಲಿಲ್ಲ.

ಇದರ ಗುಟ್ಟು ಯಂತ್ರದ ಗಣಿತದಲ್ಲಿಯೇ ಇದೆ. ವೇಗ ಹೆಚ್ಚಿದಂತೆ ಬೇಕಾಗುವ ಶಕ್ತಿ ಆ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಇಮ್ಮಡಿಯಾದರೆ ಶಕ್ತಿ ಎಂಟು ಮಡಿ. 500 ಮೀಟರಿಗೆ 2 ನಿಮಿಷ 5 ಸೆಕೆಂಡಿನಂತೆ ಎಳೆದರೆ ಸುಮಾರು 179 ವಾಟ್ ಬೇಕು. ಅದನ್ನೇ 1 ನಿಮಿಷ 55 ಸೆಕೆಂಡಿಗೆ ಇಳಿಸಿದರೆ 230 ವಾಟ್. ನಮ್ಮ 250 ಮೀಟರಿನಲ್ಲಿ ಇದರಿಂದ ಉಳಿಯುವ ಕಾಲವಾದರೋ ಐದೇ ಸೆಕೆಂಡು! ಐದು ಸುತ್ತಿಗೆ 25 ಸೆಕೆಂಡು. ತೋಳು ಸೋತು ಕಂಬಿಯಿಂದ ಜಾರಿ ಕೆಳಗಿಳಿದವನು ಎರಡು ಬಾರಿ ಸುಧಾರಿಸಿಕೊಳ್ಳುವಷ್ಟರಲ್ಲಿ ಅದಕ್ಕಿಂತ ಹೆಚ್ಚು ಕಳೆದುಕೊಂಡಿರುವನು.

ಯಂತ್ರ ನಿಧಾನವನ್ನು ಕ್ಷಮಿಸುತ್ತದೆ, ಕಂಬಿ ಕ್ಷಮಿಸುವುದಿಲ್ಲ. ಆಯಾಸವಾದಾಗ ಹುಟ್ಟನ್ನು ಮೆಲ್ಲನೆ ಎಳೆದರೂ ದೋಣಿ ಸಾಗೀತು. ಅರ್ಧ ಪುಲ್-ಅಪ್ ಲೆಕ್ಕಕ್ಕೆ ಬಾರದು. ಆದುದರಿಂದ ತೋಳನ್ನೂ ಹಿಡಿತವನ್ನೂ ಕಂಬಿಗಾಗಿ ಕಾದಿಡಬೇಕು. ಯಂತ್ರದ ಮೇಲೆ ಮೊದಲು ಕಾಲಿನಿಂದ ತಳ್ಳಿ, ಬೆನ್ನನ್ನು ಹಿಂದಕ್ಕೊಯ್ದು, ಕಟ್ಟಕಡೆಗೆ ತೋಳನ್ನು ಎಳೆಯಬೇಕು. ಗಾಳಿಯ ಸನ್ನೆಯನ್ನು 10ಕ್ಕೆ ಏರಿಸುವುದು ಪೌರುಷವೆಂದು ಕೆಲವರ ಎಣಿಕೆ. ನನಗೆ 4 ಸಾಕು. ಪುಲ್-ಅಪ್‌ಗಳನ್ನು ಮೊದಲ ಸುತ್ತಿನಿಂದಲೇ 5 ಮತ್ತು 3 ಎಂದು ಒಡೆದು, ನಡುವೆ ಎರಡು ಉಸಿರು ಬಿಡುವೆನು. ಮೊದಲ ಸುತ್ತಿನಲ್ಲಿ ಎಂಟನ್ನೂ ಒಮ್ಮೆಗೇ ತೆಗೆಯಬಲ್ಲೆನೆಂಬುದು ನಿಜವೇ. ಆ ಆಸೆಯನ್ನು ತಡೆಯುವುದೇ ಇಡೀ ಪಾಠದಲ್ಲಿ ಕಠಿಣವಾದ ಭಾಗ.

ಸ್ನಾಯುಗಳಲ್ಲಿ ಕೂಡಲೇ ಬಳಕೆಗೆ ಒದಗುವ ಫಾಸ್ಫೋಕ್ರಿಯಾಟಿನ್ ಎಂಬ ದ್ರವ್ಯವಿದೆ. ಬರಿದಾದರೆ ಅದರ ಅರ್ಧ ಭಾಗ ಸುಮಾರು ಅರ್ಧ ನಿಮಿಷದಲ್ಲಿ ಮರಳಿ ಕೂಡುವುದು; ಉಳಿದುದಕ್ಕೆ ಕೆಲವು ನಿಮಿಷಗಳೇ ಬೇಕು. ಪೂರ್ತಿ ದಣಿದವನಿಗೆ ಎರಡು ನಿಮಿಷದ ವಿರಾಮ ಸಾಲದಿರುವುದಕ್ಕೆ ಇದೂ ಒಂದು ಕಾರಣ.

‘ತಬಾಟ ಪದ್ಧತಿಯಲ್ಲಿ ಪ್ರಾಣ ಹೋಗುವಂತೆ ದುಡಿಯುವರಲ್ಲ?’ ಎಂದು ಗೆಳೆಯ ವಾದಿಸಿದನು. ಜಪಾನಿನ ಇಜುಮಿ ತಬಾಟ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 20 ಸೆಕೆಂಡು ದುಡಿಮೆ, 10 ಸೆಕೆಂಡು ವಿರಾಮ. ಇಂಥ ಏಳೆಂಟು ಸುತ್ತಿಗೆ ಮನುಷ್ಯ ಬಸವಳಿಯುವನು. ಆದರೆ ಅಲ್ಲಿ ನಿಂತಲ್ಲೇ ತುಳಿಯುವ ಸೈಕಲ್ಲಿನ ಭಾರವನ್ನು ಮೊದಲೇ ಗೊತ್ತುಮಾಡಿದ್ದರು. ಪ್ರತಿ ಸುತ್ತಿಗೂ ಅದೇ ಭಾರ. ಮೊದಲ ಸುತ್ತಿನಲ್ಲಿ ಮೆರೆದು ಮುಂದೆ ಕುಂಟಲು ಅಲ್ಲಿ ಅವಕಾಶವೇ ಇರಲಿಲ್ಲ.

ಈ ವಿಚಾರವನ್ನು ಮನೆಯಲ್ಲಿ ಹೇಳಿದಾಗ ಮಂಡಿಯಲ್ಲಿ ಮೂಟೆ ಹೊರುವ ನಮ್ಮ ತಂದೆಯವರು ನಕ್ಕರು. ಲಾರಿಯ ಮೊದಲ ಮೂಟೆಯನ್ನು ಹೊತ್ತು ಓಡುವವನನ್ನು ಕಂಡರೆ ಇವನು ಹೊಸಬನೆಂದು ಅವರಿಗೆ ತಿಳಿಯುತ್ತದಂತೆ.

ಐದನೆಯ ಸುತ್ತಿನಲ್ಲಿ ಮಾತ್ರ, ಕಡೆಯ 100 ಮೀಟರಿನಲ್ಲಿ, ಕೈಬಿಚ್ಚಿ ಎಳೆಯಬಹುದು. ಹೊಸಬರು ಮೂರೇ ಸುತ್ತು ಮಾಡಲಿ. ಪುಲ್-ಅಪ್ ತಮ್ಮ ಮಿತಿಯ ಅರ್ಧವನ್ನು ದಾಟದಿರಲಿ. ಮೂರನೆಯ ಸುತ್ತು ಮೊದಲನೆಯದಕ್ಕಿಂತ ಐದಾರು ಸೆಕೆಂಡಿಗೂ ಮಿಗಿಲಾಗಿ ಹಿಂದೆ ಬಿದ್ದರೆ ಮರುವಾರ ಯಂತ್ರದ ವೇಗವನ್ನು ಇಳಿಸಬೇಕು, ಪುಲ್-ಅಪ್‌ಗಳನ್ನಲ್ಲ. ರೂಢಿಯಿಲ್ಲದ ಮೈ ಹಟಕ್ಕೆ ಬಿದ್ದು ನೂರಾರು ಸಲ ಕಂಬಿ ಎಳೆದರೆ ಸ್ನಾಯುಗಳ ತಂತುಗಳೇ ಒಡೆದು ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಕೇಡಾಗುವುದುಂಟು. ಮರುದಿನವೋ ಅದರ ಮರುದಿನವೋ ತೋಳು ಬಾತು, ಮೂತ್ರವು ಚಹಾದ ಕಷಾಯದ ಬಣ್ಣಕ್ಕೆ ತಿರುಗಿದರೆ, ಮನೆಮದ್ದಿಗೆ ಕಾಯದೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗತಕ್ಕದ್ದು.