ಬಿಸಿನೀರಿನ ಬುಗ್ಗೆಯೂ ನಮ್ಮೂರ ಆನೆಯೂ

ಬೇಸಗೆಯ ರಜೆ ಸಮೀಪಿಸಿತೆಂದರೆ ಮಕ್ಕಳ ಮನಸ್ಸು ಪ್ರವಾಸದ ಕಡೆಗೆ ಓಡುತ್ತದೆ. ಆರ್.ಎಸ್. ಪುರಂನ ನಿವಾಸಿಗಳಾದ ನಮಗೆ ಕಾಡು ದೂರವಿಲ್ಲ. ಪೊಳ್ಳಾಚಿಯನ್ನು ದಾಟಿದರೆ ಆನೆಮಲೆ. ಊರಿನ ಅಂಚಿನಲ್ಲಿಯೇ ಮರುದಮಲೆ. ಆದರೆ ಕಾಡಿಗೆ ಹೋಗುವವರು ಹೇಗೆ ನಡೆದುಕೊಳ್ಳಬೇಕು? ಇದನ್ನು ಅರಿಯಲು ದೂರದೇಶದ ಒಂದು ಕೊಳದ ವೃತ್ತಾಂತವನ್ನು ಮೊದಲು ನೋಡೋಣ.

ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನವು 1872ರಲ್ಲಿ ಸ್ಥಾಪಿತವಾಯಿತು. ಈ ಬಗೆಯ ಉದ್ಯಾನಗಳಲ್ಲಿ ಅದೇ ಜಗತ್ತಿಗೆ ಮೊದಲನೆಯದೆಂದು ಪ್ರಸಿದ್ಧಿ. ಕಾಡೆಮ್ಮೆ, ಕರಡಿ, ತೋಳಗಳು ಅಲ್ಲಿ ಸ್ವಚ್ಛಂದವಾಗಿ ಸಂಚರಿಸುತ್ತವೆ. ಆ ನೆಲದ ಆಳದಲ್ಲಿ ಕರಗಿದ ಬಂಡೆಯ ಕಾವಿದೆ. ಮಳೆಯ ಮತ್ತು ಹಿಮದ ನೀರು ಬಿರುಕುಗಳಲ್ಲಿ ಇಳಿದು, ಕಾಯ್ದು, ಮತ್ತೆ ಮೇಲೇರಿ ಬಿಸಿನೀರಿನ ಬುಗ್ಗೆಯಾಗುತ್ತದೆ. ಬಿರುಕು ಕಿರಿದಾಗಿದ್ದರೆ ಮೇಲಿನ ನೀರಿನ ಭಾರದಿಂದ ಕೆಳಗಿನ ನೀರು 100 ಡಿಗ್ರಿಯನ್ನು ಮೀರಿ ಕಾಯ್ದರೂ ಕುದಿಯಲಾರದು. ನಮ್ಮ ಅಡಿಗೆಮನೆಯ ಪ್ರೆಷರ್ ಕುಕ್ಕರಿನಲ್ಲಿ ನಡೆಯುವುದೂ ಇದೇ. ಭಾರ ಕೊಂಚ ತಗ್ಗಿದೊಡನೆ ಆ ನೀರು ಹಠಾತ್ತಾಗಿ ಆವಿಯಾಗಿ, ಮೇಲಿನ ನೀರನ್ನು ಆಕಾಶಕ್ಕೆ ಚಿಮ್ಮಿಸುತ್ತದೆ. ಇಂತಹ ಚಿಲುಮೆಗಳಲ್ಲಿ ‘ಓಲ್ಡ್ ಫೇತ್‌ಫುಲ್’ ಎಂಬುದು ಸುಮಾರು ಒಂದೂವರೆ ಗಂಟೆಗೊಮ್ಮೆ ಚಿಮ್ಮುತ್ತದೆ.

ಅಲ್ಲಿಯೇ ‘ಮಾರ್ನಿಂಗ್ ಗ್ಲೋರಿ’ ಎಂಬ ಕೊಳವಿದೆ. ಅದೇ ಹೆಸರಿನ ಹೂವಿನಂತೆ ನೀಲಿಯಾಗಿದ್ದುದರಿಂದ ಆ ಹೆಸರು ಬಂದಿತು. ನೋಡಬಂದವರು ಅದರೊಳಗೆ ನಾಣ್ಯಗಳನ್ನೂ ಕಸವನ್ನೂ ಎಸೆದರು. ಒಬ್ಬೊಬ್ಬರು ಎಸೆದದ್ದು ಅತ್ಯಲ್ಪವೇ. 1950ರಲ್ಲಿ ಕೊಳವನ್ನು ಉಕ್ಕುವಂತೆ ಮಾಡಿ ಶುದ್ಧಗೊಳಿಸಿದಾಗ ರಾಶಿ ನಾಣ್ಯಗಳೂ ಕರವಸ್ತ್ರಗಳೂ ಹೊರಬಂದವು. ಬಿಸಿನೀರು ಬರುವ ದಾರಿ ಕಟ್ಟಿಕೊಂಡಿತ್ತು, ಕೊಳ ತಣ್ಣಗಾಗಿತ್ತು. ಅಂಚಿನಲ್ಲಿ ಮಾತ್ರ ಬದುಕುತ್ತಿದ್ದ ಹಳದಿ, ಕಿತ್ತಳೆ ಬಣ್ಣದ ಸೂಕ್ಷ್ಮಜೀವಿಗಳು ನಡುವಿನತ್ತ ಹಬ್ಬಿದವು. ಹಿಂದಿನ ಅಚ್ಚನೀಲಿ ಇಂದಿಗೂ ಮರಳಿಲ್ಲ.

ನಮ್ಮ ಆನೆಮಲೆಯ ಬಂಡೆಗಳು ಅತಿ ಪುರಾತನವಾದವು. ಅಲ್ಲಿ ಇಂತಹ ಚಿಲುಮೆಗಳಿಲ್ಲ. ಬೆಚ್ಚನೆಯ ನೀರಿನ ಬುಗ್ಗೆಯನ್ನು ಕಾಣಬಯಸುವವರು ದಕ್ಷಿಣ ಕನ್ನಡದ ಪುತ್ತೂರಿನ ಕಡೆಯ ಬೆಂದ್ರ್ ತೀರ್ಥಕ್ಕೆ ಹೋಗಬೇಕು. ಆದರೆ 1976ರಲ್ಲಿ ಅಭಯಾರಣ್ಯವಾಗಿ, 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಆನೆಮಲೆಯ ಸಂಪತ್ತು ಬೇರೆ ಬಗೆಯದು. ಹುಲ್ಲುಗಾವಲಿನ ಶಿಖರಗಳಲ್ಲಿ ವರೆಯಾಡು ಎಂಬ ಕಾಡುಮೇಕೆಯಿದೆ. ಮಂಗಟ್ಟೆ ಹಕ್ಕಿ ಹಣ್ಣು ನುಂಗಿ, ಬೀಜವನ್ನು ದೂರದಲ್ಲಿ ಉದುರಿಸಿ ಕಾಡನ್ನು ಬೆಳೆಸುತ್ತದೆ. ಸಿಂಗಳೀಕವು ಮರದ ತುದಿಯಲ್ಲಿ ಬಾಳುವ ಪ್ರಾಣಿ. ನಾವು ಕರುಣೆಯೆಂದು ಬಗೆದು ಬಾಳೆಹಣ್ಣು ಎಸೆದರೆ ಅದು ರಸ್ತೆಗಿಳಿಯಲು ಕಲಿಯುತ್ತದೆ. ಮುಂದೊಂದು ದಿನ ವಾಹನಕ್ಕೆ ಸಿಕ್ಕಿ ಸಾಯುತ್ತದೆ.

ಇನ್ನೂ ಸಮೀಪದ ಸಂಗತಿಯೊಂದಿದೆ. 2025ರ ಮೇ ತಿಂಗಳಲ್ಲಿ ಮರುದಮಲೆಯ ತಪ್ಪಲಿನಲ್ಲಿ ಒಂದು ಹೆಣ್ಣಾನೆ ಅಸ್ವಸ್ಥವಾಗಿ ಬಿದ್ದಿತು. ವೈದ್ಯರು ಹಲವು ದಿನ ಶುಶ್ರೂಷೆ ಮಾಡಿದರೂ ಉಳಿಯಲಿಲ್ಲ. ಶವಪರೀಕ್ಷೆಯಲ್ಲಿ ಅದರ ಗರ್ಭದಲ್ಲಿ ಮರಿಯೂ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಕಸವೂ ಕಂಡುಬಂದವು. ಉಳಿದ ಅನ್ನ, ಸಾಂಬಾರುಗಳನ್ನು ಚೀಲದಲ್ಲಿ ಗಂಟುಹಾಕಿ ಎಸೆದರೆ ಆನೆಗೆ ಉಪ್ಪಿನ ವಾಸನೆ ತಿಳಿಯುತ್ತದೆ. ಗಂಟು ಬಿಚ್ಚುವುದು ಅದಕ್ಕೆ ತಿಳಿಯದು, ಚೀಲಸಹಿತ ನುಂಗುತ್ತದೆ. ಆ ಕಸ ಯಾರ ಮನೆಯದೆಂದು ಹೇಳಬಲ್ಲವರಾರು? ನಾಣ್ಯ ಎಸೆದವನಿಗೂ ಕೊಳದ ಬಣ್ಣ ಕೆಡುವುದು ಕಾಣಲಿಲ್ಲ.

ಆದ್ದರಿಂದ ವಿದ್ಯಾರ್ಥಿಗಳೇ, ಕಾಡಿಗೆ ಬುತ್ತಿಯನ್ನು ಡಬ್ಬಿಯಲ್ಲಿ ಒಯ್ಯಿರಿ. ಒಯ್ದುದೆಲ್ಲವನ್ನೂ ಮರಳಿ ತನ್ನಿರಿ. ಪ್ರಾಣಿಗಳಿಗೆ ಏನನ್ನೂ ಕೊಡದಿರಿ, ಕೂಗದಿರಿ, ವಾಹನದಿಂದ ಇಳಿಯದಿರಿ. ತಂದೆತಾಯಂದಿರಲ್ಲಿ ನಮ್ಮದೊಂದು ವಿನಂತಿ: ಮನೆಯಲ್ಲಿ ಹಸಿಕಸವನ್ನೂ ಪ್ಲಾಸ್ಟಿಕ್ಕನ್ನೂ ಇಂದಿನಿಂದಲೇ ಬೇರ್ಪಡಿಸಿರಿ. ಮಕ್ಕಳು ನಮ್ಮ ಪಾಠವನ್ನು ಮರೆತಾರು. ಮನೆಯಲ್ಲಿ ದಿನವೂ ಕಂಡದ್ದನ್ನು ಮರೆಯಲಾರರು.